ಕೈಗೊಂದು ಕಸುಬು, ಜೇಬಿಗೊಂದು ಕಾಗದ

ದೀಪಾವಳಿ ಕಳೆದರೆ ಸಾಕು, ಮರಾಠವಾಡದ ಎಷ್ಟೋ ತಾಂಡಾಗಳು ಅರ್ಧ ಖಾಲಿಯಾಗುತ್ತವೆ. ಕೂಲಿ ಗುತ್ತಿಗೆದಾರನಾದ ಮುಕಾದಮನಿಂದ 'ಉಚಲ್' ಅಂದರೆ ಮುಂಗಡ ತೆಗೆದುಕೊಂಡ ಗಂಡ-ಹೆಂಡಿರು ಮಕ್ಕಳು-ಮರಿ ಕಟ್ಟಿಕೊಂಡು ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆಗಳ ಹಾದಿ ಹಿಡಿಯುತ್ತಾರೆ. ಗಂಡ ಹೆಂಡತಿ ಸೇರಿದರೆ ಲೆಕ್ಕದಲ್ಲಿ ಒಂದು 'ಕೊಯ್ತಾ'. ಬೀಡ್ ಜಿಲ್ಲೆಯಷ್ಟು ಅಲ್ಲದಿದ್ದರೂ ಲಾತೂರ, ಧಾರಾಶಿವ ಜಿಲ್ಲೆಗಳಿಂದಲೂ ಈ ವಲಸೆ ನಡೆಯುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ವಾಪಸ್ ಬರುವ ಹೊತ್ತಿಗೆ ಶಾಲೆಯ ವರ್ಷವೇ ಮುಗಿಯುತ್ತ ಬಂದಿರುತ್ತದೆ. ಹೀಗೆ ಎರಡು-ಮೂರು ವರ್ಷ ಹೋದ ಹುಡುಗನಿಗೆ ಎಂಟನೆಯ ತರಗತಿಯಲ್ಲೋ ಒಂಬತ್ತರಲ್ಲೋ ಶಾಲೆಯ ನಂಟು ಕಡಿಯುತ್ತದೆ. ಮುಂದೆ ಅವನಿಗೆ ಹೈವೇ ಬದಿಯ ಗ್ಯಾರೇಜು, ಧಾಬಾ, ಇಲ್ಲವೇ ಪುಣೆ-ಹೈದರಾಬಾದಿನ ಕಟ್ಟಡ ಕೆಲಸ. ಹುಡುಗಿಯಾದರೆ ಮದುವೆ.

ಈ ಬರಹ ಅಂಥ ಹುಡುಗ-ಹುಡುಗಿಯರ ಅಣ್ಣ, ಅತ್ತಿಗೆ, ಸೋದರಮಾವ, ಊರಿನ ಮಾಸ್ತರು, ಸ್ವಸಹಾಯ ಸಂಘದ ತಾಯಂದಿರಿಗೆ. ಕಸುಬು ಕಲಿಸುವ ಬಾಗಿಲುಗಳು ಎಲ್ಲೆಲ್ಲಿವೆ, ಯಾವುದಕ್ಕೆ ಎಷ್ಟು ಓದು ಬೇಕು, ಎಲ್ಲಿ ಎಡವುತ್ತಾರೆ ಎಂಬುದು ಇಲ್ಲಿನ ವಿಷಯ.

ಇಲ್ಲಿ ಹೇಳುವ ಸೀಮೆ ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ, ಉದಗೀರ. ಮೂರೂ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದ ತಾಲ್ಲೂಕುಗಳು. ನಿಲಂಗಾ ಮತ್ತು ಉದಗೀರ 1956ರವರೆಗೂ ಬೀದರ ಜಿಲ್ಲೆಗೇ ಸೇರಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಅಹಮದಪುರದ ಜೊತೆ ಅವೂ ಮುಂಬೈ ರಾಜ್ಯಕ್ಕೆ ಹೋದವು. ಗಡಿ ಎಳೆದದ್ದು ನಕ್ಷೆಯಲ್ಲಿ. ಮದುವೆ, ಸಂತೆ, ಜಾತ್ರೆಗಳು ಇಂದಿಗೂ ಭಾಲ್ಕಿ, ಬಸವಕಲ್ಯಾಣ, ಆಳಂದದ ಜೊತೆ ನಡೆಯುತ್ತವೆ. ಉಮರ್ಗಾದ ನಡುವೆ ಹಾದುಹೋಗುವ ಪುಣೆ-ಹೈದರಾಬಾದ್ ಹೆದ್ದಾರಿ ನೇರ ಬಸವಕಲ್ಯಾಣ, ಹುಮನಾಬಾದ್ ದಾರಿ ಹಿಡಿಯುತ್ತದೆ. ಉದಗೀರದಿಂದ ರೈಲು ಹತ್ತಿದರೆ ಭಾಲ್ಕಿ, ಬೀದರ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬಜಾರಿನಲ್ಲಿ ದಖನಿ. ಮೂರು ಭಾಷೆ ಆಡುವ ಹುಡುಗನಿಗೆ ಕೆಲಸದ ಸೀಮೆಯೂ ಮೂರು ರಾಜ್ಯದಷ್ಟು ಇದೆ. ತೊಡಕು ಬರುವುದು ಕಾಗದಪತ್ರದಲ್ಲಿ. ಅದನ್ನು ಮುಂದೆ ನೋಡೋಣ.

ಕಸುಬಿನ ತರಬೇತಿ ಜನರ ಪ್ರಾಣದ ಪ್ರಶ್ನೆಯಾಗಬಲ್ಲದು ಎಂದು ಈ ಸೀಮೆಗೆ ತಿಳಿದದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ. ಗಣಪತಿ ಕಳಿಸಿ ಬಂದು ಮಲಗಿದ್ದ ಜನ. ನಾಲ್ಕು ಗಂಟೆಗೆ ಕೆಲವೇ ನಿಮಿಷ ಮುಂಚೆ ಕಿಲ್ಲಾರಿ, ಸಾಸ್ತೂರು ಸುತ್ತಿನ ಭೂಮಿ ನಡುಗಿತು. ಸತ್ತವರು ಹತ್ತು ಸಾವಿರದ ಹತ್ತಿರ. ಕಂಪನದ ಪ್ರಮಾಣ 6.2ರಷ್ಟು; ಸರಿಯಾಗಿ ಕಟ್ಟಿದ ಮನೆಗಳು ತಾಳಿಕೊಳ್ಳುವಂಥದ್ದೇ. ಕೊಂದದ್ದು ಗೋಡೆ. ಎರಡೂವರೆ-ಮೂರು ಅಡಿ ದಪ್ಪದ ಕಲ್ಲಿನ ಗೋಡೆ ನೋಡಲು ಕೋಟೆಯಂತಿದ್ದರೂ ಒಳಗೊಂದು, ಹೊರಗೊಂದು ಎರಡು ಪದರ. ನಡುವೆ ಮಣ್ಣು ಮತ್ತು ಚಿಲ್ಲರೆ ಕಲ್ಲು. ಎರಡೂ ಪದರ ಹಿಡಿದಿಡುವ ಉದ್ದನೆಯ ಅಡ್ಡಗಲ್ಲು ಇಲ್ಲ. ಮೇಲೆ ತೊಲೆ ಹಾಕಿ ಹೇರಿದ ಮಣ್ಣಿನ ಮಾಳಿಗೆ. ಅಲುಗಿದಾಗ ಪದರಗಳು ಬೇರೆಬೇರೆಯಾಗಿ ಬಿದ್ದವು, ಮಾಳಿಗೆ ಅದರ ಮೇಲೆ ಕುಳಿತಿತು.

ಮುಂದಿನ ವರ್ಷಗಳಲ್ಲಿ ವಿಶ್ವಬ್ಯಾಂಕ್ ನೆರವಿನ ಪುನರ್ವಸತಿ ಕಾರ್ಯಕ್ರಮ ನಡೆದಾಗ ಹೊಸ ಮನೆ ಕಟ್ಟುವುದಷ್ಟೇ ಅಲ್ಲ, ಹಳೆಯ ಮನೆಗಳನ್ನು ಬಲಪಡಿಸುವುದೂ ದೊಡ್ಡ ಕೆಲಸವಾಯಿತು. ಅಹಮದಾಬಾದಿನ ಅಸಾಗ್ ಸಂಸ್ಥೆಯ ರಾಜೇಂದ್ರ ದೇಸಾಯಿ, ರೂಪಲ್ ದೇಸಾಯಿ ಇಲ್ಲಿನ ಹಳ್ಳಿಗಳಲ್ಲಿ ಗೌಂಡಿಗಳಿಗೆ ಅದನ್ನೇ ಕಲಿಸಿದರು. ಗೋಡೆಯಲ್ಲಿ ಒಂದೊಂದೇ ಕಲ್ಲನ್ನು ನಾಜೂಕಾಗಿ ತೆಗೆದು ಆರಪಾರ ತೂತು ಮಾಡು, ಅದರೊಳಗೆ ಎರಡೂ ತುದಿ ಬಾಗಿಸಿದ ಕಬ್ಬಿಣದ ಸರಳು ಇಡು, ಕಾಂಕ್ರೀಟ್ ತುಂಬು. ಎರಡು ಪದರಕ್ಕೆ ಹೊಲಿಗೆ ಹಾಕಿದಂತೆ. ಬಾಗಿಲ ಮೇಲ್ಮಟ್ಟದಲ್ಲಿ ಸುತ್ತಲೂ ಜಾಳಿಗೆ ಕಟ್ಟಿ ಸಿಮೆಂಟಿನ ಪಟ್ಟಿ. ಯಾವ ಕಾಲೇಜೂ ಓದದ ಗೌಂಡಿ ಇದನ್ನು ಕೆಲವೇ ದಿನದಲ್ಲಿ ಕಲಿಯಬಲ್ಲ, ಪಕ್ಕದಲ್ಲಿ ಬಲ್ಲವನೊಬ್ಬ ನಿಂತು ಕೈಹಿಡಿದು ತೋರಿಸಿದರೆ.

ಅದೇ ಹೊತ್ತಿಗೆ ಪ್ರೇಮಾ ಗೋಪಾಲನ್ ಕಟ್ಟಿದ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಮಹಿಳೆಯರನ್ನು 'ಸಂವಾದ ಸಹಾಯಕ'ರನ್ನಾಗಿ ನಿಲ್ಲಿಸಿತು. ಸಿಮೆಂಟ್ ಎಷ್ಟು ಬಂತು, ಕಂಬಿ ಎಷ್ಟು ದಪ್ಪ, ಇಂಜಿನಿಯರ್ ಯಾವಾಗ ಬರುತ್ತಾನೆ ಎಂದು ಕೇಳುವವರು ಊರಿನ ಹೆಂಗಸರೇ. 2001ರಲ್ಲಿ ಕಛ್ ನಡುಗಿದಾಗ ಲಾತೂರ-ಉಸ್ಮಾನಾಬಾದಿನ (ಈಗಿನ ಧಾರಾಶಿವ) ಇದೇ ಹೆಂಗಸರು ಗುಜರಾತಿಗೆ ಹೋಗಿ ಅಲ್ಲಿಯವರಿಗೆ ದಾರಿ ತೋರಿಸಿದರು. ತರಬೇತಿ ಕೇಂದ್ರ ಕಟ್ಟಬೇಕೆಂದು ಹೊರಡುವ ಯಾರೇ ಆಗಲಿ ಮೊದಲು ಈ ಉದಾಹರಣೆ ನೋಡಬೇಕು. ಅಲ್ಲಿ ಕಲಿಕೆಯೂ ಕೆಲಸವೂ ಒಂದೇ ಜಾಗದಲ್ಲಿದ್ದವು. ಕಲಿತವನು ಮರುದಿನವೇ ಕೂಲಿ ಎಣಿಸಿದ.

ಈಗಿನ ಕೆಲಸ ಯಾವುದು? ಯಾವ ಕೋರ್ಸಿಗೆ ಸೀಟು ಖಾಲಿ ಇದೆ ಎಂದು ನೋಡುವ ಮೊದಲು ಬಸ್ ನಿಲ್ದಾಣದಿಂದ ಊರ ಹೊರಗಿನವರೆಗೆ ಒಮ್ಮೆ ನಡೆದುಕೊಂಡು ಹೋಗುವುದು ಒಳ್ಳೆಯದು. ಟ್ರ್ಯಾಕ್ಟರ್ ರಿಪೇರಿ, ಟ್ರಾಲಿ ಕಟ್ಟುವ ವೆಲ್ಡಿಂಗ್ ಅಂಗಡಿ, ಮೋಟಾರ್ ವೈಂಡಿಂಗ್, ದ್ವಿಚಕ್ರ ವಾಹನದ ಮೆಕ್ಯಾನಿಕ್, ಕಿಟಕಿ-ಗೇಟು, ಹೊಲಿಗೆ. ಲಾತೂರ-ಉದಗೀರದ ಕಡೆ ಸೋಯಾ, ತೊಗರಿಯ ಮೇಲೆ ನಿಂತ ಎಣ್ಣೆ, ಬೇಳೆ ಮಿಲ್ಲುಗಳಿವೆ. ಅವಕ್ಕೆ ಫಿಟ್ಟರ್, ಎಲೆಕ್ಟ್ರಿಷಿಯನ್ ಬೇಕು. 2024ರಿಂದ ಮಹಾರಾಷ್ಟ್ರ ಸರಕಾರ 'ಮಾಗೇಲ್ ತ್ಯಾಲಾ ಸೌರ ಕೃಷಿ ಪಂಪ್' ಯೋಜನೆಯಲ್ಲಿ ರೈತನಿಂದ ಶೇ. 10, ಪರಿಶಿಷ್ಟರಿಂದ ಶೇ. 5 ಮಾತ್ರ ತುಂಬಿಸಿಕೊಂಡು ಸೋಲಾರ್ ಪಂಪು ಕೊಡುತ್ತಿದೆ. ಪಂಪು ಬಂದಿವೆ, ಕೆಟ್ಟಾಗ ರಿಪೇರಿಗೆ ಬರುವವನ ಹಾದಿಯನ್ನು ರೈತ ಕಾಯಬೇಕು. ವೈರ್‌ಮನ್ ಕೆಲಸ ಬಲ್ಲ ಹುಡುಗನಿಗೆ ಇದು ಕಣ್ಣೆದುರಿನ ಅವಕಾಶ. ಲಾತೂರ ಹತ್ತಿರದ ಹರಂಗುಳದಲ್ಲಿ ರೈಲ್ವೆ ಬೋಗಿ ಕಾರ್ಖಾನೆಯೂ ಇದೆ. ಅಂಥ ಕಡೆ ಹೋಗಬೇಕಾದರೆ ಐಟಿಐ ಸರ್ಟಿಫಿಕೇಟ್ ಇಲ್ಲದೆ ಗೇಟಿನ ಒಳಗೆ ಕಾಲಿಡುವುದು ಕಷ್ಟ.

ಹಾಗಾಗಿ ಮೊದಲ ಬಾಗಿಲು ಸರಕಾರಿ ಐಟಿಐ. ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಇದೆ. 'ಹತ್ತನೇ ಫೇಲು, ಇನ್ನೇನು ಐಟಿಐ' ಎಂದು ಕೈಚೆಲ್ಲುವವರು ಬಹಳ. ನಿಜಕ್ಕೆ ವೆಲ್ಡರ್, ವೈರ್‌ಮನ್, ಬಡಿಗತನ, ಹೊಲಿಗೆ ತಂತ್ರ ಇಂಥ ಟ್ರೇಡುಗಳಿಗೆ ಎಂಟನೇ ಪಾಸಾದರೆ ಸಾಕು, ವಯಸ್ಸು 14 ತುಂಬಿರಬೇಕು. ಫಿಟ್ಟರ್, ಎಲೆಕ್ಟ್ರಿಷಿಯನ್‌ಗೆ ಹತ್ತನೇ ಪಾಸು, ಎರಡು ವರ್ಷ. ವೆಲ್ಡರ್ ಒಂದೇ ವರ್ಷ. ಯಾವ ಐಟಿಐನಲ್ಲಿ ಯಾವ ಟ್ರೇಡು ನಡೆಯುತ್ತಿದೆ ಎಂಬುದು ಬದಲಾಗುತ್ತಿರುತ್ತದೆ, ಹೋಗಿ ಕೇಳಲೇಬೇಕು. ಇನ್ನೊಂದು ಅನುಕೂಲ: 2016ರ ಒಪ್ಪಂದದಂತೆ ಎಂಟನೇ ಪಾಸಾಗಿ ಎರಡು ವರ್ಷದ ಟ್ರೇಡು ಮುಗಿಸಿದವರು ಎನ್‌ಐಒಎಸ್ ಮುಕ್ತಶಾಲೆಯಲ್ಲಿ ಉಳಿದ ವಿಷಯ ಬರೆದು ಹತ್ತನೆಯ ಸಮಾನ ಪ್ರಮಾಣಪತ್ರ ಪಡೆಯಬಹುದು. ಬಿಟ್ಟುಹೋದ ಶಾಲೆ ಹಿಂಬಾಗಿಲಿನಿಂದ ಮತ್ತೆ ಸಿಕ್ಕಂತೆ.

ಒಳಗೆ ಏನು ನಡೆಯುತ್ತದೆ? ಒಂದು ವರ್ಷದ ಟ್ರೇಡಿಗೆ ಈಗ 1,200 ಗಂಟೆ. ಅದರಲ್ಲಿ 840 ಗಂಟೆ ಕೈಕೆಲಸ, 240 ಗಂಟೆ ಪಾಠ, 120 ಗಂಟೆ ಉದ್ಯೋಗ ಕೌಶಲ. ಫಿಟ್ಟರ್ ವಿಭಾಗಕ್ಕೆ ಸೇರಿದ ಹುಡುಗನಿಗೆ ಮೊದಲು ಸಿಗುವುದು ಯಂತ್ರವಲ್ಲ, ಒಂದು ಕಬ್ಬಿಣದ ಪಟ್ಟಿ ಮತ್ತು ಒಂದು ಅರ. ವೈಸಿಗೆ ಪಟ್ಟಿ ಬಿಗಿದು, ಎರಡೂ ಕೈಯಿಂದ ಅರ ಹಿಡಿದು ಮುಂದಕ್ಕೆ ಒತ್ತಿ, ಒತ್ತದೆ ಹಿಂದಕ್ಕೆ ಎಳೆಯಬೇಕು. ಅಂಚಿಗೆ ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣಬಾರದು. ಕಂಡರೆ ಮತ್ತೆ ತಿಕ್ಕು. ಬೊಬ್ಬೆ ಬರುತ್ತದೆ, ಬೇಸರ ಬರುತ್ತದೆ, ಬಹಳ ಹುಡುಗರು ಗೈರಾಗುವುದೂ ಈ ವಾರಗಳಲ್ಲೇ. ಆದರೆ ಅರ್ಧ ಮಿಲಿಮೀಟರ್ ಎಂದರೆ ಏನೆಂದು ಕೈಗೆ ಗೊತ್ತಾಗುವುದು ಅಲ್ಲಿಯೇ. ಹತ್ತು ದಿನದಲ್ಲಿ 'ಎಲ್ಲ ಕಲಿಸುತ್ತೇವೆ' ಎನ್ನುವ ಫಲಕದ ಅಂಗಡಿಗಳು ಬಿಟ್ಟುಬಿಡುವುದು ಇದನ್ನೇ. ಸೇರುವ ಮುನ್ನ ವರ್ಕ್‌ಶಾಪಿನ ಒಳಗೆ ಹೋಗಿ ನೋಡಿ: ಎಷ್ಟು ಹುಡುಗರಿಗೆ ಎಷ್ಟು ವೈಸು? ವೆಲ್ಡಿಂಗ್ ರಾಡು ದಿನಾ ಕೊಡುತ್ತಾರೋ, ಪರೀಕ್ಷೆ ಬಂದಾಗ ಮಾತ್ರವೋ? ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದದ್ದನ್ನು ಕೇಳಬೇಕಿಲ್ಲ.

ಪುಸ್ತಕದ ಭಾಷೆಗೆ ಹೆದರಬೇಕಾಗಿಲ್ಲ. ಚೆನ್ನೈನಲ್ಲಿ 1986ರಲ್ಲಿ ಜರ್ಮನಿಯ ನೆರವಿನಿಂದ ಶುರುವಾದ ನಿಮಿ ಸಂಸ್ಥೆ ಟ್ರೇಡ್ ಪುಸ್ತಕಗಳನ್ನು ಮರಾಠಿ, ಕನ್ನಡ ಸೇರಿ ಹಲವು ಭಾಷೆಗಳಲ್ಲಿ ತರುತ್ತದೆ. ಕೇಂದ್ರದ ಭಾರತ್ ಸ್ಕಿಲ್ಸ್ ಜಾಲತಾಣದಲ್ಲಿ ಪ್ರಶ್ನಕೋಶ ಪುಕ್ಕಟೆ ಇದೆ.

ವರ್ಷಗಟ್ಟಲೆ ಕೂತು ಕಲಿಯುವಷ್ಟು ಮನೆಯ ಪರಿಸ್ಥಿತಿ ಇಲ್ಲದವರಿಗೆ ಎರಡನೆಯ ಬಾಗಿಲು ಆರ್‌ಸೆಟಿ, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ. ಇದರ ಬೇರು ಕರ್ನಾಟಕದ್ದು. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆ ಸೇರಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಮಾದರಿಯನ್ನೇ ಕೇಂದ್ರ ಸರಕಾರ ಜಿಲ್ಲೆಗೊಂದರಂತೆ ದೇಶಕ್ಕೆಲ್ಲ ಹಬ್ಬಿಸಿತು. ಜಿಲ್ಲೆಯ ಲೀಡ್ ಬ್ಯಾಂಕೇ ನಡೆಸುತ್ತದೆ. 18 ದಾಟಿದ ಹಳ್ಳಿಯ ಬಡವರಿಗೆ ಊಟ-ವಸತಿ ಸಹಿತ ಉಚಿತ, ಕೋರ್ಸು ಸಾಮಾನ್ಯವಾಗಿ 10ರಿಂದ 45 ದಿನ, ಮುಗಿದ ಮೇಲೆ ಎರಡು ವರ್ಷ ಬೆನ್ನುಹತ್ತಿ ವಿಚಾರಿಸುವ ಪದ್ಧತಿ. ಕಲಿಸುವವರೇ ಬ್ಯಾಂಕಿನವರಾದ್ದರಿಂದ ಮುಂದೆ ಸಾಲದ ಅರ್ಜಿ ಹಾಕುವಾಗ ಮಾತಾಡಿಸುವವರೊಬ್ಬರು ಇರುತ್ತಾರೆ. ತಾಂಡಾದ ಹುಡುಗನಿಗೆ ಅದು ಸಣ್ಣ ಸಂಗತಿಯಲ್ಲ. ಆದರೆ ಮೋಟಾರ್ ವೈಂಡಿಂಗ್ ಒಂದು ತಿಂಗಳಲ್ಲಿ ಪಳಗುವ ವಿದ್ಯೆ ಅಲ್ಲ. ಅಲ್ಲಿಂದ ಬಂದ ಮೇಲೆ ಒಳ್ಳೆಯ ಮೇಸ್ತ್ರಿಯ ಹತ್ತಿರ ಒಂದು ವರ್ಷ ಕೆಲಸ ಮಾಡಿಯೇ ಸ್ವಂತ ಅಂಗಡಿ ಹಾಕುವುದು ಲೇಸು.

ಮನೆತನದ ಕಸುಬು ಮಾಡುತ್ತಿರುವವರಿಗೆ, ಅಂದರೆ ಕಮ್ಮಾರ, ಬಡಿಗ, ಗೌಂಡಿ, ಕಲ್ಲು ಒಡೆಯುವವರು, ಚಮ್ಮಾರ, ಬುಟ್ಟಿ ಹೆಣೆಯುವವರು, ದರ್ಜಿ ಮುಂತಾದ 18 ಕಸುಬಿನವರಿಗೆ, 2023ರ ಸೆಪ್ಟೆಂಬರ್ 17ರಂದು ಬಂದ ಪಿಎಂ ವಿಶ್ವಕರ್ಮ ಯೋಜನೆ ಇದೆ. ಐದಾರು ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿ ವೋಚರ್, ಶೇ. 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಅದನ್ನು ತೀರಿಸಿದರೆ ಎರಡು ಲಕ್ಷದ ಸಾಲ. ಕುಟುಂಬಕ್ಕೊಬ್ಬರು. ಊರೂರು ಅಲೆದು ಕುಡುಗೋಲು-ಕೊಡಲಿ ಬಡಿದುಕೊಡುವ ಘಿಸಾಡಿಗಳಿಗೆ, ಕಲ್ಲು ಕೆಲಸದ ಭೋವಿ ವಡ್ಡರಿಗೆ ಹೇಳಿ ಮಾಡಿಸಿದ ಯೋಜನೆ ಇದು. ಅರ್ಜಿ ಪಂಚಾಯಿತಿ ದಾಟಿಯೇ ಬರಬೇಕಾದ್ದರಿಂದ, ಕಾಯಂ ಮನೆ ಇಲ್ಲದವರೇ ಅಲ್ಲಿ ಹಿಂದೆ ಉಳಿಯುವ ಅಪಾಯ ಹೆಚ್ಚು. ಸರಪಂಚರ ಕಿವಿಗೆ ಈ ಮಾತು ಬೀಳಬೇಕು.

ಇನ್ನು ಕಾಗದದ ಕತೆ. ಬಂಜಾರರು, ಅಂದರೆ ನಮ್ಮ ಲಂಬಾಣಿಗರು, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಗಡಿ ದಾಟಿ ಉಮರ್ಗಾಕ್ಕೆ ಬಂದರೆ ವಿಮುಕ್ತ ಜಾತಿ, 'ವಿಜೆ-ಅ'. ವಡ್ಡರದೂ ಹಾಗೇ. ಘಿಸಾಡಿಗಳು ಅಲೆಮಾರಿಗಳ 'ಎನ್‌ಟಿ-ಬ' ಪಟ್ಟಿಯಲ್ಲಿ. ಒಂದೇ ಮನೆತನದ ಅಣ್ಣ ಬಸವಕಲ್ಯಾಣದಲ್ಲಿ, ತಮ್ಮ ಉಮರ್ಗಾದಲ್ಲಿ ಇದ್ದರೆ ಇಬ್ಬರ ಪ್ರಮಾಣಪತ್ರ ಬೇರೆ, ಮೀಸಲು ಬೇರೆ. ಅಲ್ಲಿನ ಪತ್ರ ಇಲ್ಲಿ ನಡೆಯದು. ಮಹಾರಾಷ್ಟ್ರದಲ್ಲಿ ವಿಮುಕ್ತ-ಅಲೆಮಾರಿ ಪತ್ರ ಬೇಕಾದರೆ 1961ರ ನವೆಂಬರ್ 21ಕ್ಕೆ ಮೊದಲೇ ಕುಟುಂಬ ಈ ರಾಜ್ಯದಲ್ಲಿ ವಾಸವಿತ್ತೆಂದು ತೋರಿಸಬೇಕು. ಪರಿಶಿಷ್ಟ ಜಾತಿಯವರಿಗೆ ಆ ದಿನ 1950ರ ಆಗಸ್ಟ್ 10, ಹಿಂದುಳಿದ ವರ್ಗದವರಿಗೆ 1967ರ ಅಕ್ಟೋಬರ್ 13. ಅಲೆದಾಡಿಕೊಂಡೇ ಬದುಕಿದವರ ಅಜ್ಜನ ಹೆಸರು ಯಾವ ಶಾಲೆಯ ದಾಖಲೆಯಲ್ಲಿ ಇರಬೇಕು? ಕಾನೂನು ಕೇಳುವ ಈ ಪ್ರಶ್ನೆ ಕ್ರೂರವಾದದ್ದೇ. ಆದರೂ ಹುಡುಕಿದರೆ ಸಿಗುವುದುಂಟು: ದೊಡ್ಡಪ್ಪನ ಶಾಲೆ ಬಿಟ್ಟ ದಾಖಲೆ, ಜನನ-ಮರಣ ನೋಂದಣಿ, ಹಳೆಯ ಪಹಣಿ. ಬಳಗದಲ್ಲಿ ಯಾರಿಗಾದರೂ ಜಾತಿ ಪರಿಶೀಲನಾ ಸಮಿತಿಯ ಸಿಂಧುತ್ವ ಸಿಕ್ಕಿದ್ದರೆ ಅದರ ನಕಲು ಬಂಗಾರ.

ಈ ಸೀಮೆಯ ವಿಮುಕ್ತರಿಗೆ ಇನ್ನೊಂದು ಹೊರೆ ಇದೆ. 1871ರ ಕಾಯ್ದೆ ಇಡೀ ಸಮುದಾಯಗಳನ್ನೇ ಅಪರಾಧಿಗಳೆಂದು ಬರೆದಿಟ್ಟಿತು. ಅದು ಕಳಚಿದ್ದು 1952ರಲ್ಲಿ. ಲಾತೂರ ಜಿಲ್ಲೆಯ ಧನೇಗಾಂವದಲ್ಲಿ ಹುಟ್ಟಿ, ಲಾತೂರಿನ ನೂಲಿನ ಗಿರಣಿಯಲ್ಲಿ ದುಡಿದ ಲಕ್ಷ್ಮಣ ಗಾಯಕವಾಡ 1987ರಲ್ಲಿ ಬರೆದ 'ಉಚಲ್ಯಾ' ಆ ಸಂಶಯದ ನೆರಳಿನಲ್ಲಿ ಬದುಕಿದ ಬಳಗದ ಆತ್ಮಕಥೆ. ಮರುವರ್ಷ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಂಶಯ ಇನ್ನೂ ಪೂರ್ತಿ ಹೋಗಿಲ್ಲ. ಅಂಗಡಿಯ ಬೀಗದ ಕೈ ಪಾರಧಿ ಹುಡುಗನ ಕೈಗೆ ಕೊಡಲು ಮಾಲೀಕ ಹಿಂದೆಮುಂದೆ ನೋಡುತ್ತಾನೆ. ತರಬೇತಿ ನಡೆಸುವವರು ಸರ್ಟಿಫಿಕೇಟ್ ಹಂಚಿ ಕೈತೊಳೆದುಕೊಳ್ಳದೆ, ಮೊದಲ ಮಾಲೀಕನ ಮುಂದೆ 'ನಾನು ಬಲ್ಲೆ ಇವನನ್ನ' ಎಂದು ನಿಲ್ಲಬೇಕಾದದ್ದು ಈ ಕಾರಣಕ್ಕೆ.

ಹುಡುಗಿಯರ ವಿಷಯಕ್ಕೆ ಬಂದರೆ, ಮಹಾರಾಷ್ಟ್ರದ ಐಟಿಐಗಳಲ್ಲಿ ಶೇ. 30 ಸೀಟು ಅವರಿಗೆ ಮೀಸಲು. ಹೊಲಿಗೆಯ ಕೋರ್ಸಿಗೇ ಎಲ್ಲರನ್ನೂ ತಳ್ಳುವ ರೂಢಿ ಬಿಡಬೇಕು. ವೈರ್‌ಮನ್, ಎಲೆಕ್ಟ್ರಿಷಿಯನ್ ಕೆಲಸಕ್ಕೆ ತೋಳ್ಬಲಕ್ಕಿಂತ ಗಮನ ಮುಖ್ಯ. 2023ರ ಮಾರ್ಚ್‌ನಿಂದ ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್. ಗಡಿ ದಾಟಿ ಕರ್ನಾಟಕದ ಬಸ್ಸು ಹತ್ತಿದರೆ ಹೆಂಗಸರ ಉಚಿತ ಪ್ರಯಾಣದ 'ಶಕ್ತಿ' ಸಿಗದು, ಅದು ಕರ್ನಾಟಕದ ನಿವಾಸಿಗಳಿಗೆ ಮಾತ್ರ. ದಿನಾ ಓಡಾಡುವ ಲೆಕ್ಕ ಹಾಕುವಾಗ ಇದೂ ನೆನಪಿರಲಿ.

ಈಗಾಗಲೇ ಗ್ಯಾರೇಜಿನಲ್ಲಿ ಪಾನಾ ಹಿಡಿದಿರುವ ಹುಡುಗರ ಬಗ್ಗೆ ಎರಡು ಮಾತು. 14 ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. 2016ರ ತಿದ್ದುಪಡಿಯ ನಂತರ 18ರೊಳಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವುದೂ ಅಪರಾಧವೇ. ವೆಲ್ಡಿಂಗ್ ಅಂಗಡಿಗಳಲ್ಲಿ ಬಿಸಿಲು ಕನ್ನಡಕ ಹಾಕಿಕೊಂಡೋ, ಬರಿಗಣ್ಣಿನಲ್ಲೋ ಕಿಡಿ ನೋಡುವ ಹುಡುಗರು ರಾತ್ರಿ ಕಣ್ಣಲ್ಲಿ ಮರಳು ಸುರಿದಂತೆ ಒದ್ದಾಡುತ್ತಾರೆ, ಮನೆಯವರು ಆಲೂಗಡ್ಡೆ ಹೋಳು ಇಡುತ್ತಾರೆ. ಬೇಕಾದದ್ದು ಹತ್ತು-ಹನ್ನೊಂದನೇ ನಂಬರಿನ ಕಪ್ಪು ಗಾಜಿನ ಮುಖವಾಡ. ಅದನ್ನು ಕೊಡದ ಮಾಲೀಕನ ಹತ್ತಿರ ಯಾವ ವಿದ್ಯೆಯನ್ನೂ ಕಲಿಯಬೇಕಾಗಿಲ್ಲ. ಹೀಗೆ ಕೆಲಸ ಮಾಡುತ್ತಲೇ ಕಲಿತು ವಯಸ್ಸಿಗೆ ಬಂದವರ ಕೈಚಳಕವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಆರ್‌ಪಿಎಲ್ ಎಂಬ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿದೆ.

ಐಟಿಐ ಮುಗಿದವರಿಗೆ ಮುಂದಿನ ಮೆಟ್ಟಿಲು ಅಪ್ರೆಂಟಿಸ್. 30 ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿದ್ದರೆ ಅವರ ಇಷ್ಟ. 2019ರ ನಿಯಮದಲ್ಲಿ ತಿಂಗಳ ಭತ್ಯೆಯ ಕನಿಷ್ಠ ಮಟ್ಟ ಓದಿಗೆ ತಕ್ಕಂತೆ 5,000ದಿಂದ 9,000 ರೂಪಾಯಿ, ಐಟಿಐ ಆದವರಿಗೆ 7,000. ಮಹಾರಾಷ್ಟ್ರ ಸರಕಾರ 2024ರಲ್ಲಿ ತಂದ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆಯಲ್ಲಿ ಐಟಿಐ ಆದವರಿಗೆ ತಿಂಗಳಿಗೆ 8,000 ನಿಗದಿಯಾಗಿತ್ತು.

ಊರಿನವರು ತಾವೇ ಏನಾದರೂ ಮಾಡಬೇಕೆಂದಿದ್ದರೆ ನೋಡಬೇಕಾದ ಜಾಗ ಪುಣೆ ಜಿಲ್ಲೆಯ ಪಾಬಳದ ವಿಜ್ಞಾನ ಆಶ್ರಮ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲೂ ಆಮೇಲೆ ಹಿಂದೂಸ್ತಾನ್ ಲಿವರ್‌ನಲ್ಲೂ ಇದ್ದ ವಿಜ್ಞಾನಿ ಡಾ. ಎಸ್. ಎಸ್. ಕಲಬಾಗ 1983ರಲ್ಲಿ ಅದನ್ನು ಕಟ್ಟಿದರು. ಶಾಲೆ ಬಿಟ್ಟ ಹುಡುಗರು ಒಂದು ವರ್ಷ ಅಲ್ಲೇ ಉಳಿದು ವೆಲ್ಡಿಂಗ್, ವೈರಿಂಗ್, ಪಶುಪಾಲನೆ, ಆಹಾರ ತಯಾರಿಕೆ ಎಲ್ಲವನ್ನೂ ಮಾಡಿ ಕಲಿಯುತ್ತಾರೆ. ಊರಿಗೆ ನಿಜವಾಗಿ ಬೇಕಾದ ವಸ್ತುವನ್ನೇ ತಯಾರಿಸಿ ಮಾರುವುದು ಅಲ್ಲಿನ ಪಾಠ. ಅದೇ ಮಾದರಿಯ ಪಾಠಕ್ರಮ ಮಹಾರಾಷ್ಟ್ರದ ಎಷ್ಟೋ ಪ್ರೌಢಶಾಲೆಗಳಿಗೂ ಹೋಗಿದೆ. ವಾರಕ್ಕೊಂದು ದಿನ ಮಕ್ಕಳು ವರ್ಕ್‌ಶಾಪಿನಲ್ಲಿ, ಕಲಿಸುವವರು ಊರಿನ ಕಸುಬುದಾರರೇ. ಎಂಟನೆಯ ತರಗತಿಯಲ್ಲಿ ಶಾಲೆ ಬಿಡಲು ಹೊರಟವನನ್ನು ಹಿಡಿದು ನಿಲ್ಲಿಸಲು ಇದಕ್ಕಿಂತ ಒಳ್ಳೆಯ ಉಪಾಯ ಕಾಣದು.

ದಾನಿಗಳು ಸಾಮಾನ್ಯವಾಗಿ ಕಟ್ಟಡಕ್ಕೆ, ಕಲ್ಲಿನ ಮೇಲಿನ ಹೆಸರಿಗೆ ದುಡ್ಡು ಕೊಡುತ್ತಾರೆ. ಕೊರತೆ ಇರುವುದು ಬೇರೆ ಕಡೆ. ತಂದೆ-ತಾಯಿ ಕಬ್ಬಿಗೆ ಹೋದ ಆರು ತಿಂಗಳು ಹುಡುಗ ಉಳಿಯಲು ಒಂದು ಕೋಣೆ, ಎರಡು ಹೊತ್ತಿನ ರೊಟ್ಟಿ. ತರಬೇತಿ ಮುಗಿದ ದಿನ ಕೈಗೆ ಸ್ವಂತದ ಪಾನಾ ಸೆಟ್ಟು. ಮೊದಲ ಕೆಲಸವಾಗಿ ಶಾಲೆಯ ಬೆಂಚು ರಿಪೇರಿಯೋ ಪಂಚಾಯಿತಿಯ ಗೇಟೋ. ಈ ಮೂರೂ ಸಿಕ್ಕವನು ಕಸುಬಿನಲ್ಲಿ ನಿಲ್ಲುತ್ತಾನೆ. ಸಿಗದವನು ಸರ್ಟಿಫಿಕೇಟನ್ನು ಟ್ರಂಕಿನಲ್ಲಿಟ್ಟು ಮತ್ತೆ ಮುಕಾದಮನ ಹತ್ತಿರ ಹೋಗುತ್ತಾನೆ.

ಐಟಿಐ ಪ್ರವೇಶದ ಅರ್ಜಿ ಹತ್ತನೆಯ ಫಲಿತಾಂಶದ ಬೆನ್ನಿಗೇ ಆನ್‌ಲೈನಿನಲ್ಲಿ ತೆರೆಯುತ್ತದೆ. ಆ ಹೊತ್ತಿಗೆ ಆಧಾರ್, ಶಾಲೆ ಬಿಟ್ಟ ದಾಖಲೆ, ಆದಾಯ ಮತ್ತು ಜಾತಿ ಪ್ರಮಾಣಪತ್ರ, ಕರ್ನಾಟಕದ ಕಡೆ ಓದಿದ್ದರೆ ಮಹಾರಾಷ್ಟ್ರದ ರಹಿವಾಸಿ ದಾಖಲೆ ಕೈಯಲ್ಲಿರಬೇಕು. ಎಲ್ಲ ಕಡೆ ಹೆಸರಿನ ಅಕ್ಷರ ಒಂದೇ ರೀತಿ ಇದೆಯೇ ನೋಡಿ. ಕನ್ನಡದ ಹೆಸರು ಮರಾಠಿಯಲ್ಲಿ ಬರೆಯುವಾಗ ಬದಲಾಗಿರುವುದು ಬಹಳ. ಜೂನ್‌ನಲ್ಲಿ ಸೇವಾ ಕೇಂದ್ರದ ಮುಂದೆ ಸಾಲು ನಿಲ್ಲುವ ಬದಲು ಜನವರಿಯಲ್ಲೇ ಓಡಾಟ ಶುರು ಮಾಡಿ.